ಖುಷಿಯ ಅಭ್ಯಾಸಗಳು ಅರ್ಧಕ್ಕೇ ನಿಲ್ಲುತ್ತಿವೆಯೇ? ಎಂಟು ವಾರಗಳ ಸರಿಯಾದ ಕ್ರಮ

ಮೈಸೂರು, ಮಂಡ್ಯ ಕಡೆಯ ಓದುಗರು ಮತ್ತೆ ಮತ್ತೆ ಹೇಳುವ ಮಾತು ಒಂದೇ. "ಕೃತಜ್ಞತೆಯ ಡೈರಿ ಶುರು ಮಾಡಿದೆ. ಹತ್ತು ದಿನ ಬರೆದೆ, ಆಮೇಲೆ ನಿಂತುಹೋಯಿತು. ಬೆಳಗ್ಗೆ ಕನ್ನಡಿ ಮುಂದೆ ಒಳ್ಳೆಯ ಮಾತು ಹೇಳಿಕೊಂಡೆ, ಏನೂ ಆಗಲಿಲ್ಲ. ನನ್ನಲ್ಲೇ ಏನೋ ಕೊರತೆ ಇರಬೇಕು."

ಕೊರತೆ ನಿಮ್ಮಲ್ಲಿಲ್ಲ. ಬಹಳಷ್ಟು ಜನ ಎಡವುವುದು ಕ್ರಮದಲ್ಲಿ. ನಿದ್ದೆಗೆಟ್ಟಿರುವಾಗ ಡೈರಿ ಹಿಡಿಯುತ್ತಾರೆ. ಮನೆಯವರ ಜೊತೆ ಮಾತು ನಿಂತಿರುವಾಗ ಒಬ್ಬರೇ ಕೂತು ಮನಸ್ಸು ಸರಿಮಾಡಿಕೊಳ್ಳಲು ಹೋಗುತ್ತಾರೆ. ಸಿಟ್ಟು ತಲೆಗೇರಿರುವಾಗ ಯೋಚನೆ ತಿದ್ದಲು ಕೂರುತ್ತಾರೆ. ಅದೇ ಅಭ್ಯಾಸವನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಕೆಲಸ ಮಾಡುತ್ತದೆ.

ಇಲ್ಲಿರುವ ಅಭ್ಯಾಸಗಳು ಪಾಸಿಟಿವ್ ಸೈಕಾಲಜಿಯಲ್ಲೋ (ಮನುಷ್ಯರ ಖುಷಿ, ನೆಮ್ಮದಿ ಹೇಗೆ ಬೆಳೆಯುತ್ತದೆ ಎಂದು ಅಧ್ಯಯನ ಮಾಡುವ ಮನೋವಿಜ್ಞಾನದ ಶಾಖೆ) ಅದಕ್ಕೆ ಹತ್ತಿರದ ಸಂಶೋಧನೆಗಳಲ್ಲೋ ಪರೀಕ್ಷೆಗೆ ಒಳಗಾದವು. ಸಿಗುವ ಫಲ ಪವಾಡದಂಥದ್ದಲ್ಲ, ಸಾಧಾರಣವಾದದ್ದು. ಆದರೆ ಕೆಟ್ಟ ದಿನದಿಂದ ಬೇಗ ಚೇತರಿಸಿಕೊಳ್ಳಲು ಆ ಸಾಧಾರಣ ಫಲವೇ ಸಾಕಾಗುತ್ತದೆ.

ಶುರು ಮಾಡುವ ಮುನ್ನ: ಇದು ನಿಮಗೆ ಸರಿಯೇ?

ಇದು ದಿನನಿತ್ಯದ ಬೇಸರ, ದಣಿವು, ಸಣ್ಣ ಪುಟ್ಟ ಸೋಲು, ಸಂಬಂಧಗಳ ಕಿರಿಕಿರಿ ಇವುಗಳಿಗೆ. ಕಾಯಿಲೆಯ ಚಿಕಿತ್ಸೆ ಅಲ್ಲ. ಎರಡು ವಾರ ಅಥವಾ ಅದಕ್ಕೂ ಜಾಸ್ತಿ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡವಾಗಿದ್ದರೆ, ಊಟ ನಿದ್ದೆ ಎರಡೂ ಕೆಟ್ಟಿದ್ದರೆ ಮೊದಲು ಡಾಕ್ಟರನ್ನು ಕಾಣಿ. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯುವ ಮಾತೇ ಇಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಇವತ್ತೇ ಫೋನ್ ಮಾಡಿ. ಅದು ಸರ್ಕಾರದ್ದು, ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಬದಲಾಗಬೇಕಾದದ್ದು ನಿಮ್ಮ ಯೋಚನೆಯಲ್ಲ. ಮಹಿಳಾ ಸಹಾಯವಾಣಿ 181 ಇದೆ. ಹಾಗೆಯೇ ನಿಮಗೆ ಬರಬೇಕಾದ ಹಣ ಬಂದಿಲ್ಲದಿದ್ದರೆ ತಾಳ್ಮೆಯ ಅಭ್ಯಾಸ ಅದಕ್ಕೆ ಬದಲಿ ಆಗುವುದಿಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಪಾವತಿಸಬೇಕು ಎಂಬ ನಿಯಮವೇ ಇದೆ. ಆ ಹಣ ಕೇಳಿ, ಅರ್ಜಿ ಕೊಡಿ. ಖುಷಿಯ ಅಭ್ಯಾಸದ ಹೆಸರಲ್ಲಿ ನ್ಯಾಯ ಕೇಳುವುದನ್ನು ಬಿಡಬೇಡಿ.

ಬೇಕಾದ ಸಾಮಾನು

ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ದಿನ ಗುರುತು ಹಾಕಲು ಗೋಡೆಯ ಕ್ಯಾಲೆಂಡರ್. ಒಂದು ಸಾದಾ ಅಲಾರಂ ಗಡಿಯಾರವೂ ಬೇಕು. ಅದು ಯಾಕೆ ಅಂತ ಎರಡನೇ ಹಂತದಲ್ಲಿ ಗೊತ್ತಾಗುತ್ತದೆ. ಜೊತೆಗೆ ಒಬ್ಬರು ಮನುಷ್ಯರು: ಗೆಳತಿ, ತಮ್ಮ, ವಾಕಿಂಗ್ ಸ್ನೇಹಿತರು, ಯಾರಾದರೂ ಸರಿ. ವಾರಕ್ಕೊಮ್ಮೆ "ಹೇಗೆ ನಡೀತಿದೆ?" ಅಂತ ಕೇಳಿದರೆ ಸಾಕು.

ಮೊಬೈಲ್ ಆ್ಯಪ್ ಬೇಡ ಎಂದೇ ನನ್ನ ಸಲಹೆ. ಬರೆಯಲು ಫೋನ್ ತೆಗೆಯುತ್ತೀರಿ, ಮೇಲೆ ನಾಲ್ಕು ಮೆಸೇಜ್ ಕಾಣುತ್ತವೆ, ಅಲ್ಲಿಗೆ ಬರೆಯುವುದು ಮುಗಿಯಿತು.

ಹಂತ 1 (ಮೊದಲ ವಾರ): ಏನನ್ನೂ ಬದಲಿಸಬೇಡಿ, ಸುಮ್ನೆ ನೋಡಿ

ಎಲ್ಲರೂ ಹಾರಿಹೋಗುವ ಹಂತ ಇದು. ಯಾವುದು ನಿಮ್ಮನ್ನು ಕುಗ್ಗಿಸುತ್ತಿದೆ ಎಂದು ತಿಳಿಯದೆ ಅಭ್ಯಾಸ ಆರಿಸಿಕೊಂಡರೆ ಗುರಿ ತಪ್ಪುತ್ತದೆ.

ದಿನಕ್ಕೆ ಮೂರು ಸಲ ಒಂದೊಂದು ಸಾಲು ಬರೆಯಿರಿ: ತಿಂಡಿ ಆದ ಮೇಲೆ, ಮಧ್ಯಾಹ್ನದ ಊಟ ಆದ ಮೇಲೆ, ಮಲಗುವ ಮುನ್ನ. ಏನು ಮಾಡುತ್ತಿದ್ದೆ, ಯಾರ ಜೊತೆ ಇದ್ದೆ, ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ. ಇಷ್ಟೇ. ಉದಾಹರಣೆಗೆ:

"ಮಂಗಳವಾರ ಮಧ್ಯಾಹ್ನ. ಆಫೀಸಿನಲ್ಲಿ ಊಟ, ಒಬ್ಬಳೇ, ಫೋನ್ ನೋಡುತ್ತಾ. 4."

"ಮಂಗಳವಾರ ರಾತ್ರಿ. ಪಕ್ಕದ ಮನೆ ಅಕ್ಕನ ಜೊತೆ ಜಗಲಿಯಲ್ಲಿ ಮಾತು. 7."

ಮನಸ್ಸಿಗೆ ನೋವಾಗುವಂಥದ್ದು ಏನಾದರೂ ನಡೆದರೆ ಇನ್ನೊಂದು ಸಾಲು ಸೇರಿಸಿ. ಎಷ್ಟು ಹೊತ್ತಿಗೆ ನಡೆಯಿತು, ಎಷ್ಟು ಹೊತ್ತಿಗೆ ತಲೆಯಿಂದ ಇಳಿಯಿತು. "ಬೆಳಗ್ಗೆ 9ಕ್ಕೆ ಅಣ್ಣನ ಜೊತೆ ಜಗಳ. ಸಂಜೆ 6ರವರೆಗೂ ಅದೇ ಯೋಚನೆ." ಕೊನೆಯ ವಾರದಲ್ಲಿ ಈ ಸಾಲುಗಳೇ ನಿಮಗೆ ಅಳತೆಗೋಲು.

ವಾರದ ಕೊನೆಗೆ ಅತಿ ಹೆಚ್ಚು ಅಂಕದ ಮೂರು ಸಾಲು, ಅತಿ ಕಡಿಮೆ ಅಂಕದ ಮೂರು ಸಾಲುಗಳ ಕೆಳಗೆ ಗೆರೆ ಎಳೆಯಿರಿ. ತುಂಬ ಜನರಿಗೆ ಇಲ್ಲಿ ಆಶ್ಚರ್ಯ ಕಾದಿರುತ್ತದೆ. ವಿಶ್ರಾಂತಿ ಅಂದುಕೊಂಡಿದ್ದ ಎರಡು ಗಂಟೆ ರೀಲ್ಸ್‌ಗೆ 4 ಬಿದ್ದಿರುತ್ತದೆ. ಅತ್ತೆಯ ಜೊತೆ ಸೊಪ್ಪು ಬಿಡಿಸುತ್ತಾ ಹರಟಿದ್ದಕ್ಕೆ 7 ಬಿದ್ದಿರುತ್ತದೆ.

ಇಲ್ಲಿ ಆಗುವ ತಪ್ಪು ಗಂಟೆಗೊಮ್ಮೆ ಅಂಕ ಹಾಕುವುದು. ಖುಷಿಯಾಗಿದ್ದೀನಾ ಅಂತ ಸದಾ ತಡವಿ ನೋಡಿಕೊಳ್ಳುವವರಿಗೆ ಖುಷಿ ಕಡಿಮೆಯಾಗುತ್ತದೆ. ಮನೋವಿಜ್ಞಾನಿ ಐರಿಸ್ ಮಾಸ್ ಅವರ ತಂಡ 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಖುಷಿ ಬಹಳ ಮುಖ್ಯ ಎಂದು ಮನಸ್ಸಿಗೆ ತುಂಬಿಸಿದವರೇ ಖುಷಿಯ ದೃಶ್ಯ ನೋಡಿಯೂ ಕಡಿಮೆ ಖುಷಿಪಟ್ಟರು. ದಿನಕ್ಕೆ ಮೂರು ಸಲ ಸಾಕು. ಅದೂ ಈ ವಾರ ಮತ್ತು ಕೊನೆಯ ವಾರ ಮಾತ್ರ.

ಹಂತ 2 (ಎರಡನೇ ಮತ್ತು ಮೂರನೇ ವಾರ): ನಿದ್ದೆ, ನಡಿಗೆ

ನಿದ್ದೆ ಸರಿಯಿಲ್ಲದವರಿಗೆ ಮುಂದಿನ ಯಾವ ಹಂತವೂ ಹತ್ತುವುದಿಲ್ಲ. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕು. ಬೇಗ ಮಲಗಬೇಕು ಎಂದು ಹಟ ಹಿಡಿಯಬೇಡಿ, ನಿದ್ದೆ ನಮ್ಮ ಅಪ್ಪಣೆಗೆ ಬರುವುದಿಲ್ಲ. ಬದಲಿಗೆ ಏಳುವ ಸಮಯವನ್ನು ಗಟ್ಟಿ ಮಾಡಿ. ಭಾನುವಾರವೂ ಅದೇ ಹೊತ್ತಿಗೆ ಎದ್ದರೆ, ರಾತ್ರಿ ನಿದ್ದೆ ನಿಧಾನವಾಗಿ ತಾನೇ ಹೊಂದಿಕೊಳ್ಳುತ್ತದೆ.

ನಮ್ಮ ಕಡೆ ನಿದ್ದೆ ಕೆಡಿಸುವುದು ಮುಖ್ಯವಾಗಿ ಎರಡು. ಒಂದು ಸಂಜೆಯ ಕಾಫಿ. ಕುಡಿದು ಐದು ಗಂಟೆ ಕಳೆದರೂ ಸುಮಾರು ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ. ಸಂಜೆ ಆರಕ್ಕೆ ಗಟ್ಟಿ ಫಿಲ್ಟರ್ ಕಾಫಿ ಕುಡಿದು ಹನ್ನೊಂದಕ್ಕೆ ಹೊರಳಾಡಿದರೆ ಅದರಲ್ಲಿ ಅಚ್ಚರಿಯಿಲ್ಲ. ಮಧ್ಯಾಹ್ನ ಮೂರರ ನಂತರ ಕಾಫಿ, ಟೀ ನಿಲ್ಲಿಸಿ ನೋಡಿ. ಎರಡನೆಯದು ತಲೆದಿಂಬಿನ ಪಕ್ಕದ ಫೋನ್. ಸಾದಾ ಅಲಾರಂ ಗಡಿಯಾರ ಇದಕ್ಕೇ ಬೇಕಾದದ್ದು. ಫೋನ್ ಚಾರ್ಜಿಗೆ ಹಾಲ್‌ನಲ್ಲಿರಲಿ.

ಮಂಡ್ಯದಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರಿಗೆ 7 ಗಂಟೆ ಸಿಗುವುದು ಕಷ್ಟ, ಗೊತ್ತು. ಅವರು ರೈಲಿನಲ್ಲಿ ಸಂಜೆ ನಿದ್ದೆ ಮಾಡುವ ಬದಲು ಬೆಳಗಿನ ಪ್ರಯಾಣದಲ್ಲಿ ಮಾಡಲಿ. ಸಂಜೆ ಮಲಗಿದರೆ ರಾತ್ರಿಯ ನಿದ್ದೆ ಇನ್ನಷ್ಟು ತಡವಾಗುತ್ತದೆ.

ನಡಿಗೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ವಾರಕ್ಕೆ ಕನಿಷ್ಠ 150 ನಿಮಿಷ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿ, ಲಿಂಗಾಂಬುಧಿ ಕೆರೆ ಇವೆ. ಮಂಡ್ಯದವರಿಗೆ ಕ್ರೀಡಾಂಗಣವಿದೆ, ಹಳ್ಳಿಯಲ್ಲಿ ಹೊಲದ ದಾರಿಯಿದೆ. ನಾಲೆ ಏರಿ ಮೇಲೆ ಮಾತ್ರ ಕತ್ತಲಲ್ಲಿ ನಡೆಯಬೇಡಿ, ಎಷ್ಟೋ ಕಡೆ ತಡೆಗೋಡೆ ಇರುವುದಿಲ್ಲ. ಮೊದಲ ದಿನವೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಮಂಡಿ ಹಿಡಿದುಕೊಂಡು, ನಾಲ್ಕನೇ ದಿನ ಎಲ್ಲ ಬಿಡುವವರು ಜಾಸ್ತಿ. ಹತ್ತು ನಿಮಿಷದಿಂದ ಶುರು ಮಾಡಿ.

ಹಂತ 3: ಹೊಸ ಅಭ್ಯಾಸವನ್ನು ಹಳೆಯದಕ್ಕೆ ಕಟ್ಟಿ

ಇದಕ್ಕೆ ಬೇರೆ ವಾರ ಬೇಡ, ಒಂದು ಸಂಜೆ ಸಾಕು. "ದಿನಾ ಬರೆಯುತ್ತೇನೆ" ಎಂಬ ನಿರ್ಧಾರ ನಿಲ್ಲುವುದಿಲ್ಲ. "ರಾತ್ರಿ ಅಡುಗೆಮನೆ ದೀಪ ಆರಿಸಿದ ತಕ್ಷಣ ಊಟದ ಮೇಜಿನ ಮೇಲಿರುವ ನೋಟ್‌ಬುಕ್ ತೆರೆಯುತ್ತೇನೆ" ಎಂಬುದು ನಿಲ್ಲುತ್ತದೆ. ಪೀಟರ್ ಗಾಲ್ವಿಟ್ಜರ್ ಎಂಬ ಮನೋವಿಜ್ಞಾನಿ ಈ 'ಇದಾದರೆ ಅದು' ಮಾದರಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸಮಯ ಬರೆಯಬೇಡಿ, ಘಟನೆ ಬರೆಯಿರಿ. ಒಂಬತ್ತು ಗಂಟೆ ದಾಟಿದ್ದು ಗೊತ್ತಾಗುವುದಿಲ್ಲ. ದೀಪ ಆರಿಸಿದ್ದು ಗೊತ್ತಾಗುತ್ತದೆ.

21 ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254 ದಿನದವರೆಗೂ ಆಗಬಹುದು ಎಂಬ ಅಂದಾಜು ಬಂತು. ಅದೇ ಅಧ್ಯಯನ ಕೊಡುವ ಸಮಾಧಾನ ಇನ್ನೊಂದಿದೆ. ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ. ತಪ್ಪಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಅಡ್ಡಗೆರೆ ಹಾಕಬೇಡಿ, ಖಾಲಿ ಬಿಡಿ. ಮಾರನೇ ದಿನ ಮಾಡಿ. ಎರಡರಷ್ಟು ಮಾಡಿ ತುಂಬಿಸಲು ಹೋಗಬೇಡಿ.

ಹಂತ 4 (ನಾಲ್ಕನೇ ವಾರ): ಮೂರು ಒಳ್ಳೆಯದು, ಮೂರು ಕಾರಣ

ಈಗ ಡೈರಿ. ಇವತ್ತು ಚೆನ್ನಾಗಿ ನಡೆದ ಮೂರು ಸಂಗತಿ ಬರೆಯಿರಿ. ಪ್ರತಿಯೊಂದರ ಪಕ್ಕ ಅದು ಯಾಕೆ ನಡೆಯಿತು ಅಂತ ಬರೆಯಿರಿ. ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ಇದನ್ನು ಮಾಡಿದ್ದು ಒಂದೇ ವಾರ. ಆರು ತಿಂಗಳ ನಂತರವೂ ಅವರ ಖುಷಿ ಹೆಚ್ಚಿತ್ತು, ಕುಗ್ಗುವಿಕೆ ಕಡಿಮೆಯಿತ್ತು. ವಾರ ಮುಗಿದ ಮೇಲೂ ತಾವಾಗಿ ಮುಂದುವರಿಸಿದವರಿಗೆ ಲಾಭ ಜಾಸ್ತಿ ಸಿಕ್ಕಿತು.

ಹೆಚ್ಚಿನವರು ಬರೆಯುವುದು ಹೀಗೆ: "ಆರೋಗ್ಯ ಚೆನ್ನಾಗಿದೆ. ಮಕ್ಕಳು ಚೆನ್ನಾಗಿದ್ದಾರೆ. ದೇವರು ದೊಡ್ಡವನು." ಮೂರನೇ ದಿನಕ್ಕೆ ಇದೇ ಸಾಲು ಮರಳಿ ಬರುತ್ತದೆ, ಏಳನೇ ದಿನಕ್ಕೆ ಕೈ ತಾನಾಗಿ ಬರೆಯುತ್ತದೆ, ಮನಸ್ಸು ಅಲ್ಲಿರುವುದಿಲ್ಲ. ಕೆಲಸ ಮಾಡುವ ಬರಹ ಹೀಗಿರುತ್ತದೆ:

"ಬಸ್ಸಾರು ಇವತ್ತು ಹದವಾಗಿ ಬಂತು. ಯಾಕೆ? ಅವಸರ ಮಾಡದೆ ಖಾರ ರುಬ್ಬಿದೆ."

"ಸಂತೆಯಲ್ಲಿ ಸೊಪ್ಪಿನ ಅಜ್ಜಿ ಒಂದು ಕಟ್ಟು ಜಾಸ್ತಿ ಕೊಟ್ಟಳು. ಯಾಕೆ? ಪ್ರತಿವಾರ ಅವಳ ಹತ್ತಿರವೇ ತಗೊಳ್ತೀನಿ, ಮಾತಾಡಿಸ್ತೀನಿ."

"ಮಗ ತಾನಾಗೇ ಸ್ಕೂಲಿನ ಜಗಳದ ವಿಷಯ ಹೇಳಿದ. ಯಾಕೆ? ಸಂಜೆ ಟಿವಿ ಆರಿಸಿ ಪಕ್ಕದಲ್ಲಿ ಕೂತಿದ್ದೆ."

ವ್ಯತ್ಯಾಸ ನೋಡಿ. ಇವತ್ತಿನದು, ಚಿಕ್ಕದು, ಕಣ್ಣಿಗೆ ಕಟ್ಟುವಂಥದ್ದು. 'ಯಾಕೆ' ಬರೆಯುವಾಗ ನಿಮ್ಮ ಪಾತ್ರವೂ, ಇನ್ನೊಬ್ಬರ ಒಳ್ಳೆಯತನವೂ ಕಾಣಿಸುತ್ತದೆ. ಅದನ್ನು ಬಿಟ್ಟರೆ ಉಳಿಯುವುದು ಬರೀ ಪಟ್ಟಿ.

ಒಂದು ವಾರ ದಿನಾ ಬರೆಯಿರಿ. ಆಮೇಲೂ ಅದು ತಾಜಾ ಅನ್ನಿಸುತ್ತಿದ್ದರೆ ಹಾಗೇ ನಡೆಯಲಿ. ಸಾಲುಗಳು ಮರಳಿ ಬರತೊಡಗಿದರೆ ವಾರಕ್ಕೊಮ್ಮೆಗೆ ಇಳಿಸಿ. ಮನೋವಿಜ್ಞಾನಿ ಸೋಂಜಾ ಲ್ಯುಬೊಮಿರ್ಸ್ಕಿ ಅವರ ತಂಡದ ಕೃತಜ್ಞತೆಯ ಪ್ರಯೋಗವೊಂದರಲ್ಲಿ ವಾರಕ್ಕೆ ಒಂದು ಸಲ ಬರೆದವರಿಗೆ ಫಲ ಸಿಕ್ಕಿತು, ಮೂರು ಸಲ ಬರೆದವರಿಗೆ ಸಿಗಲಿಲ್ಲ. ಹತ್ತು ದಿನಕ್ಕೆ ಬೇಸರ ಬಂದು ಬಿಟ್ಟವರು ಬಿಡಬೇಕಿರಲಿಲ್ಲ, ವಾರಕ್ಕೊಮ್ಮೆ ಮಾಡಿಕೊಂಡಿದ್ದರೆ ಸಾಕಿತ್ತು.

ಮೂರು ಎಚ್ಚರಿಕೆ. "ನನಗಿಂತ ಕಷ್ಟದಲ್ಲಿರುವವರು ಎಷ್ಟೋ ಜನ" ಎಂದು ಬರೆಯಬೇಡಿ. ಅದು ಕೃತಜ್ಞತೆಯಲ್ಲ, ಸ್ವಂತ ನೋವಿನ ಬಾಯಿ ಮುಚ್ಚಿಸುವ ದಾರಿ. ಬರೆದ ಮೇಲೆ "ಇಷ್ಟೆಲ್ಲ ಇದ್ದೂ ನಾನು ಅಳುತ್ತೀನಲ್ಲ" ಎಂಬ ತಪ್ಪಿತಸ್ಥ ಭಾವ ಬಂದರೆ ಈ ಹಂತ ನಿಲ್ಲಿಸಿ, ನೇರವಾಗಿ ಮುಂದಿನದಕ್ಕೆ ಹೋಗಿ. ಮತ್ತೆ, ಈ ಅಭ್ಯಾಸವನ್ನು ಮನೆಯವರ ಮೇಲೆ ಹೇರಬೇಡಿ. ಸೊಸೆ ಕಷ್ಟ ಹೇಳಿಕೊಂಡಾಗ "ಇರೋದಕ್ಕೆ ಖುಷಿಪಡು" ಅಂದರೆ ಅವಳು ಇನ್ನು ಮುಂದೆ ಏನೂ ಹೇಳುವುದಿಲ್ಲ.

ಹಂತ 5 (ಐದನೇ ವಾರ): ಜನ

ಎಲ್ಲ ಹಂತಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. 1938ರಲ್ಲಿ ಹಾರ್ವರ್ಡ್‌ನಲ್ಲಿ ಶುರುವಾಗಿ ಇನ್ನೂ ನಡೆಯುತ್ತಿರುವ ದೀರ್ಘ ಅಧ್ಯಯನ ಮತ್ತೆ ಮತ್ತೆ ತೋರಿಸಿದ್ದೂ ಹತ್ತಿರದ ಸಂಬಂಧಗಳ ಮಹತ್ವವನ್ನೇ.

ಕಷ್ಟದಲ್ಲಿ ಜೊತೆ ನಿಲ್ಲುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಸಾವಿನ ಮನೆಗೆ ಊರಿಗೂರೇ ಹೋಗುತ್ತದೆ. ನಾವು ಸೋಲುವುದು ಒಳ್ಳೆಯ ಸುದ್ದಿಯಲ್ಲಿ. ಶೆಲ್ಲಿ ಗೇಬಲ್ ಎಂಬ ಸಂಶೋಧಕಿ ಒಳ್ಳೆಯ ಸುದ್ದಿಗೆ ಜನ ನಾಲ್ಕು ಥರ ಉತ್ತರಿಸುತ್ತಾರೆ ಎಂದು ಗುರುತಿಸಿದರು. ಮಗಳು ಕಾಲೇಜಿನಿಂದ ಬಂದು "ಅಪ್ಪಾ, ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಕೆಲಸ ಸಿಕ್ತು" ಅಂದಳು ಅಂದುಕೊಳ್ಳಿ.

ಒಬ್ಬ ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ "ಹೂಂ, ಒಳ್ಳೇದಾಯ್ತು" ಅನ್ನುತ್ತಾನೆ. ಇನ್ನೊಬ್ಬ "ಬೆಂಗಳೂರಲ್ಲಿ ಆ ಸಂಬಳ ಬಾಡಿಗೆಗೇ ಸಾಲಲ್ಲ" ಅನ್ನುತ್ತಾನೆ. ಮತ್ತೊಬ್ಬ "ಸರಿ, ಮೋಟಾರ್ ಆಫ್ ಮಾಡ್ದಾ?" ಅನ್ನುತ್ತಾನೆ. ನಾಲ್ಕನೆಯವನು "ಹೌದೇನವ್ವಾ! ಯಾವಾಗ ಗೊತ್ತಾಯ್ತು? ಬಾ ಕೂತ್ಕೋ, ಏನೇನ್ ಕೇಳಿದ್ರು ಹೇಳು" ಅನ್ನುತ್ತಾನೆ.

ಸಂಬಂಧ ಬೆಳೆಯುವುದು ಈ ನಾಲ್ಕನೆಯ ಉತ್ತರದಲ್ಲಿ ಮಾತ್ರ. ಎರಡನೆಯ ಅಪ್ಪನಿಗೂ ಪ್ರೀತಿ ಇದೆ, ದೃಷ್ಟಿ ತಾಕದಿರಲಿ ಎಂಬ ಕಾಳಜಿಯೂ ಇರಬಹುದು. ಆದರೆ ಮಗಳಿಗೆ ಕೇಳಿಸಿದ್ದು ಬಾಡಿಗೆಯ ಮಾತು. ಬಾಡಿಗೆಯ ಲೆಕ್ಕ ನಾಳೆ ಹಾಕಬಹುದು, ಅಲ್ವಾ? ಈ ವಾರ ಮಾಡಬೇಕಾದದ್ದು ಇಷ್ಟೇ: ದಿನಕ್ಕೆ ಒಂದು ಒಳ್ಳೆಯ ಸುದ್ದಿಗೆ, ಎಷ್ಟೇ ಚಿಕ್ಕದಿರಲಿ, ಕೈಲಿರುವುದನ್ನು ಕೆಳಗಿಟ್ಟು ಎರಡು ಪ್ರಶ್ನೆ ಕೇಳಿ.

ಇದರ ಜೊತೆಗೆ ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಂಡು ಆ ದಿನ ಐದು ಸಣ್ಣ ಉಪಕಾರ ಮಾಡಿ. ಪಕ್ಕದ ಮನೆಯ ಅಜ್ಜಿಗೆ ಮಾತ್ರೆ ತಂದುಕೊಡುವುದು, ಪೌರಕಾರ್ಮಿಕರಿಗೆ ಮಜ್ಜಿಗೆ ಕೊಡುವುದು, ಹಳೆಯ ಮೇಷ್ಟ್ರಿಗೆ ಫೋನ್ ಮಾಡುವುದು. ಲ್ಯುಬೊಮಿರ್ಸ್ಕಿ ಅವರ ತಂಡ ಕಂಡಂತೆ ಐದನ್ನೂ ವಾರವೆಲ್ಲ ಹರಡಿದವರಿಗಿಂತ ಒಂದೇ ದಿನ ಮಾಡಿದವರಿಗೆ ಖುಷಿ ಹೆಚ್ಚಿತು. ಹರಡಿದರೆ ಅದು ದಿನದ ಕೆಲಸದಲ್ಲಿ ಕರಗಿಹೋಗುತ್ತದೆ.

ಬದುಕಿನಲ್ಲಿ ದೊಡ್ಡ ಉಪಕಾರ ಮಾಡಿದವರಿಗೆ, ಇನ್ನೂ ಬದುಕಿರುವವರಿಗೆ, ಒಂದು ಪುಟದ ಕಾಗದ ಬರೆದು ಎದುರು ಕೂತು ಓದಿ ಹೇಳುವುದು ಇನ್ನೊಂದು ಅಭ್ಯಾಸ. 2005ರ ಆ ಅಧ್ಯಯನದಲ್ಲಿ ಅತಿ ದೊಡ್ಡ ಏರಿಕೆ ಬಂದದ್ದು ಇದರಿಂದ. ಆದರೆ ಆರು ತಿಂಗಳಿಗೆ ಅದು ಉಳಿದಿರಲಿಲ್ಲ. ಹಾಗಾಗಿ ಇದನ್ನು ವರ್ಷಕ್ಕೆ ಒಂದೆರಡು ಸಲ ಮಾಡಿ, ನಿತ್ಯದ ಮದ್ದು ಅಂದುಕೊಳ್ಳಬೇಡಿ.

ಎಚ್ಚರಿಕೆಯ ಗುರುತು: ಎಲ್ಲರಿಗೂ ಮಾಡುತ್ತಾ ನಿಮ್ಮ ಊಟ, ನಿದ್ದೆ ತಪ್ಪುತ್ತಿದ್ದರೆ ನಿಲ್ಲಿಸಿ. ಮನೆಯವರ ಸೇವೆಯಲ್ಲೇ ದಿನ ಕಳೆಯುವ ಹೆಣ್ಣುಮಕ್ಕಳಿಗೆ ಐದು ಉಪಕಾರದ ಪಾಠ ಬೇಡ. ಅವರು ಈ ವಾರ ಯಾರಿಂದಲಾದರೂ ಒಂದು ಸಹಾಯ ಕೇಳಿ ಪಡೆಯಲಿ.

ಹಂತ 6 (ಆರನೇ ವಾರ): ಬಿದ್ದಾಗ ಏಳುವ ವಿಧಾನ

ಮೊದಲ ನಿಯಮ: ಬಿಸಿ ಇರುವಾಗ ಬೇಡ. ಸಿಟ್ಟು, ಅವಮಾನ, ಭಯ ಜೋರಾಗಿರುವಾಗ ಯೋಚನೆ ತಿದ್ದಲಾಗುವುದಿಲ್ಲ. ನೀರು ಕುಡಿಯಿರಿ, ಹೊರಗೆ ಹತ್ತು ನಿಮಿಷ ನಡೆಯಿರಿ, ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ. ಎದೆಬಡಿತ ಇಳಿದ ಮೇಲೆ ನೋಟ್‌ಬುಕ್ ತೆಗೆದು ಐದು ಸಾಲು ಬರೆಯಿರಿ. ಈ ಮಾದರಿಯ ಬೇರು ಮನೋವಿಜ್ಞಾನಿ ಆಲ್ಬರ್ಟ್ ಎಲ್ಲಿಸ್ ಅವರ ಚಿಕಿತ್ಸಾ ವಿಧಾನದಲ್ಲಿದೆ.

ಕೆಎಎಸ್ ಪರೀಕ್ಷೆಗೆ ಮೈಸೂರಿನಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಹುಡುಗನ ಪುಟ ಹೀಗಿರಬಹುದು.

ನಡೆದದ್ದು: "ಪ್ರಿಲಿಮ್ಸ್ ಪಾಸಾಗಲಿಲ್ಲ."

ಅಂದುಕೊಂಡದ್ದು: "ನನ್ನ ಕೈಲಿ ಯಾವತ್ತೂ ಏನೂ ಆಗಲ್ಲ. ಅಪ್ಪನ ದುಡ್ಡು ಹಾಳು ಮಾಡಿದೆ."

ಅದರಿಂದ ಆದದ್ದು: "ಎರಡು ದಿನ ರೂಮಿನಿಂದ ಹೊರಗೆ ಬರಲಿಲ್ಲ. ಅಮ್ಮನ ಫೋನ್ ಎತ್ತಲಿಲ್ಲ."

ಪುರಾವೆ: "ಡಿಗ್ರಿ ಫಸ್ಟ್ ಕ್ಲಾಸ್‌ನಲ್ಲಿ ಪಾಸಾಗಿದ್ದೀನಿ, ಹಾಗಾಗಿ 'ಯಾವತ್ತೂ' ಸುಳ್ಳು. ಚರಿತ್ರೆ, ಭೂಗೋಳದಲ್ಲಿ ಅಂಕ ಬಂದಿದೆ, ಲೆಕ್ಕದಲ್ಲಿ ಬಂದಿಲ್ಲ, ಹಾಗಾಗಿ 'ಏನೂ' ಸುಳ್ಳು. ಅಪ್ಪನ ದುಡ್ಡು ಖರ್ಚಾಗಿದ್ದು ನಿಜ."

ಮುಂದಿನ ಹೆಜ್ಜೆ: "ಇವತ್ತು ಅಮ್ಮನಿಗೆ ಫೋನ್. ಈ ವಾರದೊಳಗೆ ಅಪ್ಪನ ಜೊತೆ ಕೂತು ಇನ್ನೆಷ್ಟು ದಿನ ಓದುವುದು, ಜೊತೆಗೆ ಯಾವ ಕೆಲಸ ಹಿಡಿಯುವುದು ಅಂತ ತೀರ್ಮಾನ."

ನಾಲ್ಕನೇ ಸಾಲು ಬರೆಯುವಾಗ ಎರಡನೇ ಸಾಲಿನಲ್ಲಿ ಮೂರು ಬಗೆಯ ಪದಗಳಿಗಾಗಿ ಹುಡುಕಿ: 'ಯಾವಾಗಲೂ', 'ಎಲ್ಲವೂ', 'ನನ್ನಿಂದಲೇ'. ಕುಗ್ಗಿದ ಮನಸ್ಸು ಹೆಚ್ಚಾಗಿ ಈ ಮೂರರಲ್ಲಿ ಒಂದನ್ನು ಹಿಡಿದಿರುತ್ತದೆ. ಆದರೆ ಸಿಹಿ ಸುಳ್ಳಿನಿಂದ ಅದನ್ನು ಬದಲಿಸಬೇಡಿ. "ದುಡ್ಡು ಖರ್ಚಾಗಿದ್ದು ನಿಜ" ಎಂಬ ಸಾಲು ಇರಲೇಬೇಕು. ನಿಜವನ್ನು ಬಿಟ್ಟು ಬರೆದ ಉತ್ತರವನ್ನು ಮನಸ್ಸು ನಂಬುವುದಿಲ್ಲ.

ಕನ್ನಡಿ ಮುಂದೆ ಒಳ್ಳೆಯ ಮಾತು ಹೇಳಿಕೊಳ್ಳುವುದು ಫಲಿಸದಿರುವುದಕ್ಕೂ ಇದೇ ಕಾರಣ ಇರಬಹುದು. ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇದ್ದವರು ಅಂಥ ಮಾತು ಹೇಳಿಕೊಂಡಾಗ ಇನ್ನಷ್ಟು ಕುಗ್ಗಿದರು. ನಿಮಗೂ ಹಾಗಾಗುತ್ತಿದ್ದರೆ ಕೂಡಲೇ ಬಿಡಿ.

ನಡೆದದ್ದು ನಿಮ್ಮ ಯೋಚನೆಯ ತಪ್ಪಲ್ಲ, ನಿಜವಾದ ಕಷ್ಟವೇ ಆಗಿದ್ದರೆ ಪುಟದ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿ. ಎಡಕ್ಕೆ ನನ್ನ ಕೈಯಲ್ಲಿಲ್ಲದ್ದು, ಬಲಕ್ಕೆ ನನ್ನ ಕೈಯಲ್ಲಿರುವುದು. ಕೆಆರ್‌ಎಸ್ ತುಂಬದ ವರ್ಷ ಮಂಡ್ಯದ ರೈತರಿಗೆ ಇದು ಬೇಕಾಗುತ್ತದೆ. ಮಳೆ, ನಾಲೆಗೆ ನೀರು ಬಿಡುವ ತೀರ್ಮಾನ, ಭತ್ತದ ಬೆಲೆ ಎಡಕ್ಕೆ. ಭತ್ತದ ಬದಲು ರಾಗಿ ಹಾಕುವುದೋ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳುವುದು, ಬೆಳೆ ವಿಮೆಯ ಕೊನೆಯ ದಿನ ನೋಡುವುದು, ಸಾಲದ ವಿಷಯ ಮುಚ್ಚಿಡದೆ ಹೆಂಡತಿಯ ಜೊತೆ ಮಾತಾಡುವುದು ಬಲಕ್ಕೆ. ಬಲಗಡೆಯಿಂದ ಒಂದನ್ನು ಇವತ್ತೇ ಮಾಡಿ. ಎಡಗಡೆಯದನ್ನು ಸುಳ್ಳು ಅನ್ನುತ್ತಿಲ್ಲ, ಅದರ ಹತ್ತಿರ ದಿನವೆಲ್ಲ ಕೂರಬೇಡಿ ಅಷ್ಟೇ.

ಹಳೆಯ ನೋವೊಂದು ಕಾಡುತ್ತಲೇ ಇದ್ದರೆ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ರೂಪಿಸಿದ ಬರಹದ ವಿಧಾನವಿದೆ. ಮೂರು ನಾಲ್ಕು ದಿನ, ದಿನಕ್ಕೆ 15ರಿಂದ 20 ನಿಮಿಷ, ಆ ಘಟನೆಯ ಬಗ್ಗೆ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯುವುದು. ಆಮೇಲೆ ಹರಿದು ಹಾಕಬಹುದು. ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಹಜ. ಮಾರನೇ ದಿನವೂ ಭಾರ ಹೆಚ್ಚುತ್ತಲೇ ಹೋದರೆ ನಿಲ್ಲಿಸಿ. ಸಾವು, ಅಪಘಾತ ಆಗಿ ಕೆಲವೇ ದಿನಗಳಾಗಿದ್ದರೆ ಇದನ್ನು ಶುರು ಮಾಡಲೇಬೇಡಿ. ಆಗ ಬೇಕಾದದ್ದು ಪಕ್ಕದಲ್ಲಿ ಕೂರುವ ಜನ.

ಹಂತ 7 (ಏಳನೇ ವಾರ): ನಿಮ್ಮ ಗಟ್ಟಿ ಗುಣ, ನಿಧಾನದ ಸವಿ

ನಿಮ್ಮನ್ನು ಚೆನ್ನಾಗಿ ಬಲ್ಲ ಮೂವರನ್ನು ಕೇಳಿ: "ನಾನು ಚೆನ್ನಾಗಿ ಮಾಡುವುದು ಏನು?" ತಾಳ್ಮೆ, ನ್ಯಾಯಬುದ್ಧಿ, ತಮಾಷೆ, ಕಲಿಯುವ ಆಸೆ, ಏನಾದರೂ ಒಂದು ಮೂವರ ಮಾತಿನಲ್ಲೂ ಬರುತ್ತದೆ. ಅದನ್ನು ಈ ವಾರ ದಿನಕ್ಕೊಂದು ಹೊಸ ಜಾಗದಲ್ಲಿ ಬಳಸಿ. ಕಲಿಸುವ ಗುಣವಿರುವ ನಿವೃತ್ತ ಟೀಚರ್ ಪಕ್ಕದ ಬೀದಿಯ ಮಕ್ಕಳಿಗೆ ಮಗ್ಗಿ ಹೇಳಿಕೊಡಬಹುದು. 2005ರ ಅಧ್ಯಯನದಲ್ಲಿ ಆರು ತಿಂಗಳು ಫಲ ಉಳಿದ ಇನ್ನೊಂದು ಅಭ್ಯಾಸ ಇದೇ.

ಜೊತೆಗೆ ದಿನಕ್ಕೊಂದು ಸಂತೋಷವನ್ನು ಪೂರ್ತಿ ಅನುಭವಿಸಿ. ದಸರಾ ದೀಪಾಲಂಕಾರ ನೋಡಲು ಹೋಗಿ ಎರಡು ಗಂಟೆಯೂ ಫೋನಿನ ಪರದೆಯಲ್ಲೇ ನೋಡಿ ಬರುತ್ತೇವೆ. ಒಂದು ಫೋಟೋ ತೆಗೆದು ಜೇಬಿಗೆ ಹಾಕಿ. ಮಕ್ಕಳನ್ನು ಕೇಳಿ, ಯಾವ ದೀಪ ಇಷ್ಟವಾಯಿತು ಅಂತ.

ಹಂತ 8 (ಎಂಟನೇ ವಾರ): ಮತ್ತೆ ಅಳೆಯಿರಿ

ಮೊದಲ ವಾರದಂತೆಯೇ ಮೂರು ಹೊತ್ತು ಬರೆಯಿರಿ. ಆಮೇಲೆ ಎರಡೂ ವಾರದ ಪುಟಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಅಂಕ ಸ್ವಲ್ಪವೇ ಏರಿರಬಹುದು, ಅದರಿಂದ ಬೇಜಾರಾಗಬೇಡಿ. ಮುಖ್ಯವಾಗಿ ನೋಡಬೇಕಾದದ್ದು ಚೇತರಿಕೆಯ ಸಾಲು. ಮೊದಲ ವಾರ ಜಗಳ ಸಂಜೆಯವರೆಗೂ ತಲೆಯಲ್ಲಿತ್ತು. ಈಗ ಮಧ್ಯಾಹ್ನಕ್ಕೆ ಇಳಿಯುತ್ತಿದೆಯೇ? ಹೌದಾದರೆ ದಾರಿ ಸರಿಯಿದೆ.

ಮುಂದೆ ಎಲ್ಲವನ್ನೂ ಹಿಡಿದುಕೊಂಡು ಹೋಗಬೇಡಿ. ನಿದ್ದೆ, ನಡಿಗೆ ಉಳಿಯಲಿ. ಉಳಿದವುಗಳಲ್ಲಿ ನಿಮಗೆ ಒಗ್ಗಿದ ಎರಡನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಬಿಡಿ.

ನಿಲ್ಲಿಸಿ ಸಹಾಯ ಪಡೆಯಬೇಕಾದ ಗುರುತುಗಳು

ಎಂಟನೇ ವಾರದ ಅಂಕ ಮೊದಲ ವಾರದ್ದಕ್ಕಿಂತ ಇಳಿದಿರುವುದು. ನಿದ್ದೆಗಾಗಿ ಕುಡಿತ ಅಥವಾ ಮಾತ್ರೆ ಶುರುವಾಗುವುದು. ಸ್ನಾನ, ಊಟ, ಕೆಲಸಕ್ಕೆ ಹೋಗುವುದೇ ಕಷ್ಟವಾಗುವುದು. ಇದ್ದಕ್ಕಿದ್ದಂತೆ ಜನರಿಂದ ದೂರವಾಗುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, "ನಾನಿಲ್ಲದಿದ್ರೆ ನಿಮಗೆಲ್ಲ ನೆಮ್ಮದಿ" ಎಂಬಂಥ ಮಾತು. ಕೊನೆಯ ಗುರುತುಗಳು ನಿಮ್ಮಲ್ಲಲ್ಲ, ಮನೆಯವರಲ್ಲಿ ಕಂಡರೂ ನೇರವಾಗಿ ಕೇಳಿ: "ಸಾಯೋ ಯೋಚನೆ ಬರ್ತಿದ್ಯಾ?" ಕೇಳಿದರೆ ಆ ಯೋಚನೆ ಹೆಚ್ಚುವುದಿಲ್ಲ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಕೈಗೆ ಸಿಗದಂತೆ ಬೇರೆಡೆಗೆ ಸಾಗಿಸಿ.

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಎರಡರಲ್ಲೂ ಮನೋವೈದ್ಯರಿದ್ದಾರೆ. ದೂರದ ಹಳ್ಳಿಯವರು ಮೊದಲು 14416ಕ್ಕೆ ಫೋನ್ ಮಾಡಿದರೆ ಹತ್ತಿರ ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ. ಜೀವಕ್ಕೆ ಅಪಾಯವಿದ್ದರೆ 112 ಅಥವಾ 108. ಡಾಕ್ಟರ ಹತ್ತಿರ ಹೋಗುವಾಗ ನೋಟ್‌ಬುಕ್ ತಗೊಂಡು ಹೋಗಿ. "ಯಾವಾಗಿನಿಂದ, ದಿನದ ಯಾವ ಹೊತ್ತಿನಲ್ಲಿ ಜಾಸ್ತಿ, ನಿದ್ದೆ ಹೇಗಿದೆ?" ಎಂದು ಅವರು ಕೇಳುತ್ತಾರೆ. ಉತ್ತರ ಆ ಪುಟಗಳಲ್ಲೇ ಇರುತ್ತದೆ, ಬಾಯಲ್ಲಿ ಹೇಳಲಾಗದಿದ್ದರೆ ಹಾಗೇ ಕೈಗೆ ಕೊಟ್ಟರೂ ಆಯಿತು.